ಹದಿನಾರು ಮೈಲಿ ಹೆಚ್ಚು

ಮಾನ್ಯ ವಾಚಕ ಮಹಾಶಯರೇ, ಈ ಮುಂದೆ ನಿರೂಪಿತವಾಗುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಕಳ್ಳತನವಿಲ್ಲ, ಪ್ರೇಮವಂತೂ ಇಲ್ಲವೇ ಇಲ್ಲ. ಮೂವತ್ತೈದು ಮೈಲಿಯ ಮಿತಿಯಿದ್ದ ರಸ್ತೆಯಲ್ಲಿ ಐವತ್ತೊಂದರ ವೇಗದಲ್ಲಿ ಕಾರು ಓಡಿಸಿದ ಒಬ್ಬ ಲಾರಿ ಚಾಲಕನಿದ್ದಾನೆ; ಅವನೇ ನಾನು, ಆರಿನ್ ಟ್ಯಾಕೆಟ್. ತಾವು ತಾಳ್ಮೆಯಿಂದ ಓದುವ ಕೃಪೆ ಮಾಡಬೇಕು. ನನ್ನಲ್ಲಿ ಆ ಗುಣವಿಲ್ಲದ್ದರಿಂದಲೇ ಇದೆಲ್ಲ ನಡೆದದ್ದು.

ಕಾನ್ಸಸ್ ಸೀಮೆಯ ಸಲೀನಾ ಊರಾಚೆ, ಹೆದ್ದಾರಿಗೆ ಅಂಟಿಕೊಂಡ ಮೋಟೆಲೊಂದರಲ್ಲಿ ನಾವು ಹತ್ತೊಂಬತ್ತು ಮಂದಿ ಸೋಮವಾರ ಬಂದಿಳಿದೆವು. ಲಾರಿ ಕಂಪನಿ ತನ್ನ ಖರ್ಚಿನಲ್ಲೇ ಬಸ್ಸು ಹತ್ತಿಸಿ ಕರೆಸಿಕೊಂಡಿತ್ತು. ಕೋಣೆಗೆ ಇಬ್ಬರಂತೆ ಹಂಚಿತ್ತು. ಮೂರು ದಿನ ಪಾಠ; ಮೂರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಲಾರಿಯ ಬೀಗದ ಕೈ. ಅಲ್ಲಿಯವರೆಗೆ ಯಾರೂ ಕೆಲಸಕ್ಕೆ ಸೇರಿದವರಲ್ಲ. ನಾವು ಪಾಠ ಕೇಳುತ್ತ ಕುಳಿತಿದ್ದಂತೆಯೇ ನಮ್ಮ ನಮ್ಮ ರಾಜ್ಯಗಳಿಂದ ತಪ್ಪು-ದಂಡಗಳ ಚಾಲನಾ ದಾಖಲೆಗಳು ಪಕ್ಕದ ಕೋಣೆಗೆ ಬಂದು ಬೀಳುತ್ತಿದ್ದವು. ಸುರಕ್ಷತಾ ವಿಭಾಗದ ಶ್ರೀಮತಿ ಹಾಫ್‌ಸ್ಟೆಟರ್ ಬಾಗಿಲು ತೆರೆದು ಒಂದು ಹೆಸರು ಕರೆಯುತ್ತಿದ್ದರು. ಮಂಗಳವಾರ ಸಂಜೆಗೆ ಹದಿಮೂರು ಜನ ಉಳಿದಿದ್ದೆವು.

ನನ್ನ ಕೋಣೆಯ ಜೊತೆಗಾರ ವರ್ನಾನ್ ಪ್ರುಯಿಟ್, ಅರವತ್ತೊಂದರ ಹಳೆಯ ಹುಲಿ, ಇಂಥ ಪಾಠಗಳನ್ನು ಏಳೆಂಟು ಕಡೆ ಕೇಳಿದವನು.

"ಬರೀ ಹೆಸರು ಕರೆದ್ರೆ ಹೆದರ್ಬೇಡ ಮಾರಾಯ," ಎಂದ, ಬೂಟು ಬಿಚ್ಚುತ್ತ. "ಎಲ್ಲೋ ಸಹಿ ಬಿಟ್ಟೋಗಿರುತ್ತೆ, ಇಲ್ಲಾ ಪರೀಕ್ಷೆಗೆ ಕೊಟ್ಟ ಮೂತ್ರ ಸಾಲ್ದೇ ಹೋಗಿರುತ್ತೆ. 'ಬ್ಯಾಗ್ ತಗೊಂಡು ಬನ್ನಿ' ಅಂದ್ಲು ಅನ್ಕೋ, ಮುಗೀತು. ಮನೆಗೆ ಬಸ್ ಟಿಕೆಟ್ ಕೊಟ್ಟು ಕೈ ಕುಲುಕ್ತಾಳೆ."

"ನಿಮ್ಮ ದಾಖಲೆ?"

"ಚೊಕ್ಕ. ನೆಬ್ರಾಸ್ಕಾದಲ್ಲಿ ಹತ್ತೊಂಬತ್ತು ಮೈಲಿ ಜಾಸ್ತಿ ಓಡ್ಸಿದ್ದೆ, ನಿನ್ನೆಗೆ ಮೂರು ವರ್ಷ ತುಂಬ್ತು. ಅಲ್ಲಿಗೆ ದಾಖಲೆಯಿಂದ ಬಿದ್ದೋಯ್ತು. ಹೆಂಡ್ತಿ ಹುಟ್ಟಿದ ದಿನ ಮರೆತು ಬೈಸ್ಕೊಂಡಿದೀನಿ, ಇದನ್ನ ಮಾತ್ರ ಮರೆತಿಲ್ಲ. ನಿಂದೇನು?"

"ಏನಿಲ್ಲ."

"ಏನಿಲ್ಲದವನು ಇಷ್ಟೊತ್ತು ರೂಮು ಅಳೀತಾ ಇರಲ್ಲ. ಕೂತ್ಕೊಂಡು ಹೇಳು."

ಕೂರದೆಯೇ ಹೇಳಿದೆ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು ನಾನು. ಧಾನ್ಯ ಸಾಗಿಸುತ್ತಿದ್ದ ಕಂಪನಿ ಮುಚ್ಚಿದ ಮೇಲೆ ಕೆಂಟಕಿಯಲ್ಲಿ ಅಕ್ಕ ನಡೀನಳ ಸೋಫಾದ ಮೇಲೆ ಎಂಟು ತಿಂಗಳು. ಅಕ್ಕ ಒಂದು ಬಿರುಮಾತೂ ಆಡಲಿಲ್ಲ, ಆಡಿದ್ದರೆ ಒಳ್ಳೆಯದಿತ್ತು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ, ನೆಟ್ಟಗಿದ್ದ ಬೇಲಿಯನ್ನು ಕಿತ್ತು ಮತ್ತೆ ನೆಟ್ಟೆ. ಎರಡು ತಿಂಗಳ ಹಿಂದೆ, ಜುಲೈನ ಒಂದು ಬೆಳಗ್ಗೆ ತಡೆಯಲಾಗದೆ ಅವಳ ಪುಟ್ಟ ಕಾರು ಹತ್ತಿ ಹೊರಟುಬಿಟ್ಟೆ. ಬೆಟ್ಟದ ತಪ್ಪಲಿನ ಒಂದೂರಿನಲ್ಲಿ ಪೊಲೀಸಿನವನು ಅಡ್ಡಗಟ್ಟಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಇಷ್ಟು ಅವಸರವಾಗಿ ಎಲ್ಲಿಗೆ ಎಂದು ಸೌಜನ್ಯದಿಂದಲೇ ಕೇಳಿದ. ಎಲ್ಲಿಗೂ ಇಲ್ಲ ಎಂದೆ. ಅದು ನಿಜವಾದ ಉತ್ತರವಾಗಿತ್ತು. ಅವನು ದಂಡದ ಚೀಟಿ ಬರೆದ.

"ಆದರೆ ಕಾರಲ್ಲಿ ಆಗಿದ್ದಲ್ವಾ, ಲಾರಿಯಲ್ಲಲ್ಲ," ಎಂದೆ.

"ದಂಡ ಕಟ್ಟಿದ್ಯಾ?"

"ಅಂಚೇಲಿ ಕಳಿಸ್ದೆ. ಅಲ್ಲಿಗೆ ಮುಗೀತು."

"ಮುಗೀಲಿಲ್ಲ ಕಣೋ, ಶುರುವಾಯ್ತು! ಕಟ್ಟಿದೆ ಅಂದ್ರೆ ತಪ್ಪು ಒಪ್ಕೊಂಡೆ ಅಂತ ಬರ್ಕೋತಾರೆ. ನಮ್ಮ ಲಾರಿ ಲೈಸೆನ್ಸ್ ಇರೋನು ಸೈಕಲ್ ಬಿಟ್ಟು ಏನು ಓಡ್ಸಿದ್ರೂ ಲೆಕ್ಕಕ್ಕೆ ಬರುತ್ತೆ. ಹದಿನೈದು ದಾಟಿತ್ತಾ?"

"ಹದಿನಾರು."

ವರ್ನಾನ್ ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡ. ಹದಿನೈದರಿಂದ ಮೇಲಕ್ಕೆ ಹೋದರೆ ಅದು ಗಂಭೀರ ಅಪರಾಧ. ವಿಮೆಯವರು ಕಂಪನಿಯ ಕೈ ಕಟ್ಟಿಹಾಕುವುದೇ ಅಲ್ಲಿ.

"ಫಾರಂನಲ್ಲಿ ಬರೆದ್ಯಾ?"

ಬರೆದಿರಲಿಲ್ಲ. ಫೋನಿನಲ್ಲಿ ಕೆಲಸಕ್ಕೆ ಕರೆದ ಕಂಪನಿಯ ಹುಡುಗ 'ಲಾರಿ ಓಡಿಸುವಾಗ ದಂಡದ ಚೀಟಿ ಏನಾದರೂ ಬಿದ್ದಿದೆಯಾ' ಎಂದಷ್ಟೇ ಕೇಳಿದ್ದ, ಇಲ್ಲ ಎಂದಿದ್ದೆ. ಸೋಮವಾರ ಕೈಗೆ ಕೊಟ್ಟ ಫಾರಂನಲ್ಲಿ ಮಾತ್ರ 'ಯಾವುದೇ ವಾಹನದಲ್ಲಿ, ಕಳೆದ ಮೂರು ವರ್ಷಗಳಲ್ಲಿ' ಎಂದಿತ್ತು. ಆ ಸಾಲಿನ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತು, ಕೊನೆಗೆ ಖಾಲಿ ಬಿಟ್ಟು ಕೊಟ್ಟಿದ್ದೆ.

"ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ," ಎಂದ ವರ್ನಾನ್. "ಬಂದ್ರೆ ಬರುತ್ತೆ. ಬರ್ದಿದ್ರೆ ನಾಳೆ ಮಧ್ಯಾಹ್ನ ಬೀಗದ ಕೈ ನಿನ್ನ ಜೇಬಲ್ಲಿ. ಅಲ್ಲೀವರೆಗೆ ಕುರ್ಚಿ ಬಿಟ್ಟು ಏಳ್ಬೇಡ, ಅಷ್ಟೇ ನಿನ್ನ ಕೆಲಸ."

ಜಗತ್ತಿನ ಕೆಲಸಗಳಲ್ಲೆಲ್ಲ ನನಗೆ ಬಾರದ ಕೆಲಸವನ್ನೇ ಅವನು ಹೇಳಿದ್ದ.

ಬುಧವಾರ ಬೆಳಗ್ಗೆ ಚಕ್ರಗಳಿಗೆ ಹಿಮದ ಸರಪಳಿ ಬಿಗಿಯುವ ಚಿತ್ರ ತೋರಿಸುತ್ತಿದ್ದರು. ಒಂಬತ್ತಕ್ಕೆ ಬಾಗಿಲು ತೆರೆಯಿತು: ಒಬ್ಬ ಬ್ಯಾಗಿನೊಂದಿಗೆ ಹೋದ. ಹತ್ತೂವರೆಗೆ ಮತ್ತೊಬ್ಬ. ಪ್ರತಿ ಸಲ ಬಾಗಿಲ ಹಿಡಿ ತಿರುಗಿದಾಗಲೂ ನನ್ನ ಮೊಣಕಾಲುಗಳು ಮೇಜಿಗೆ ಬಡಿಯುತ್ತಿದ್ದವು. ಮುಂದಿನವನು ತಿರುಗಿ ತಿರುಗಿ ನೋಡುತ್ತಿದ್ದ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಶ್ರೀಮತಿ ಹಾಫ್‌ಸ್ಟೆಟರ್ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದರು, ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದರು, ಏನೂ ಹೇಳದೆ ಬಾಗಿಲು ಎಳೆದುಕೊಂಡು ಹೋದರು.

ನಾನು ಎದ್ದೆ. ವರ್ನಾನ್ ನನ್ನ ಅಂಗಿಯ ತುದಿ ಹಿಡಿದೆಳೆದ. ಬಿಡಿಸಿಕೊಂಡು ಪಕ್ಕದ ಕೋಣೆಗೆ ನಡೆದೆ. ಇದನ್ನು ಪ್ರಾಮಾಣಿಕತೆ ಎಂದು ತಾವು ಭಾವಿಸುವುದು ಬೇಡ; ಮನಸ್ಸು ಕುಳಿತೇ ಇತ್ತು, ಕಾಲುಗಳು ಎದ್ದವು.

"ಮೇಡಂ, ನನ್ನ ಫಾರಂ ಸ್ವಲ್ಪ ಕೊಡ್ತೀರಾ? ಒಂದು ಸಾಲು ಬರೀಬೇಕಿತ್ತು."

ಕನ್ನಡಕ ಹಣೆಗೇರಿಸಿ, "ಯಾವ ಸಾಲು ಮಿಸ್ಟರ್ ಟ್ಯಾಕೆಟ್?" ಎಂದರು.

ಹೇಳಿದೆ. ಊರು, ತಾರೀಕು, ಐವತ್ತೊಂದು, ಮೂವತ್ತೈದು. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮ ದಾಖಲೆ ಬಂದು ಎರಡು ದಿನ ಆಯ್ತು. ಚೊಕ್ಕವಾಗಿತ್ತು. ಆ ಊರಿನ ಕೋರ್ಟಿನವರು ಇನ್ನೂ ಕಳಿಸಿಲ್ಲ ಅನ್ಸುತ್ತೆ."

"ಮತ್ತೆ ಈಗ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ್ರಲ್ಲ?"

"ಅಲ್ಲಿ ನಿಮ್ಮ ತಲೆ ಮೇಲೆ ಗೋಡೆ ಗಡಿಯಾರ ಇದೆ."

ಅವರ ಮುಖದಲ್ಲಿ ನಗು ಬರುವಂತಿತ್ತು, ಬರಲಿಲ್ಲ.

"ಕೇಳಿಸ್ಕೊಂಡ ಮೇಲೆ ಕೇಳಿಸ್ಕೊಂಡಿಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಹದಿನೈದು ದಾಟಿದ್ರೆ ಒಂದು ವರ್ಷ ನಮ್ಮ ವಿಮೆಯವರು ಒಪ್ಪಲ್ಲ."

"ಹದಿನಾಲ್ಕಾಗಿದ್ದಿದ್ರೆ?"

"ಚೆನ್ನಾಗಿ ಬೈದು ಬೀಗದ ಕೈ ಕೊಡ್ತಿದ್ದೆ." ನನ್ನ ಫಾರಂ ಹುಡುಕಿ ತೆಗೆದರು. "ನೋಡಿ, ನೀವು ಸುಮ್ನಿದ್ದು ಸೇರ್ಕೊಂಡಿದ್ರೆ, ಮುಂದಿನ ತಿಂಗಳು ಆ ಕಾಗದ ಬಂದಾಗ ನೀವು ಆರೆಗನ್‌ನಲ್ಲೋ ಎಲ್ಲೋ ಇರ್ತಿದ್ರಿ. ಅಲ್ಲೇ ಲಾರಿಯಿಂದ ಇಳಿಸಿ, ಸುಳ್ಳು ಹೇಳಿ ಸೇರಿದವನು ಅಂತ ಬರೀತಿದ್ದೆ. ಅದು ನಿಮ್ಮ ಬೆನ್ನು ಬಿಡ್ತಾ ಇರ್ಲಿಲ್ಲ. ಈಗ, ಸೇರೋಕೆ ಮುಂಚೆ ತಾವಾಗೇ ಬಿಟ್ಟು ಹೋದ್ರು ಅಂತ ಬರೀತೀನಿ. ಇಷ್ಟು ನನ್ನ ಕೈಲಾಗುತ್ತೆ. ಮುಂದಿನ ಜುಲೈ ಕಳೆದ ಮೇಲೆ ಫೋನ್ ಮಾಡಿ."

"ಅಲ್ಲೀವರೆಗೆ ಏನು ಮಾಡ್ಲಿ ಮೇಡಂ?"

ಅವರು ಬಸ್ ಟಿಕೆಟ್ ಕೊಟ್ಟು ಕೈ ಕುಲುಕಿದರು.

ಕೋಣೆಯಲ್ಲಿ ನಾನು ಅಂಗಿಗಳನ್ನು ಮಡಚುತ್ತಿದ್ದಾಗ ವರ್ನಾನ್ ಊಟದ ತಟ್ಟೆಯೊಂದಿಗೆ ಒಳಬಂದ. ಎಡಗೈ ಮುಷ್ಟಿಯಾಗಿತ್ತು. ಅದರೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು.

"ತೋರ್ಸಿ, ಪರವಾಗಿಲ್ಲ," ಎಂದೆ.

ಬೀಗದ ಕೈಯನ್ನು ಮಂಚದ ಮೇಲೆ ಇಟ್ಟು, ತಟ್ಟೆಯನ್ನು ನನ್ನ ಕಡೆಗೆ ತಳ್ಳಿದ. ಹಂದಿಮಾಂಸದ ಸ್ಯಾಂಡ್‌ವಿಚ್ ಎರಡಿದ್ದವು. ಗಡಿಯಾರದ ವಿಷಯ ಹೇಳಿದೆ.

"ಗಡಿಯಾರಕ್ಕೆ ಹೆದರಿ ಕೆಲಸ ಕಳ್ಕೊಂಡ ಮೊದಲನೇ ಗಂಡಸು ನೀನೇ ಇರ್ಬೇಕು ನೋಡು," ಎಂದು ಅವನು ನಕ್ಕ. ನಾನೂ ನಕ್ಕೆ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು. ಆಮೇಲೆ ಅವನು ಗಂಭೀರನಾದ. "ಅಕ್ಕನ ಮನೆಗೆ ಹೋಗ್ತೀಯಾ?"

"ಟಿಕೆಟ್ ಅಲ್ಲಿಗೇ ಇದೆ."

"ಟಿಕೆಟ್ ಬದಲಾಯ್ಸು. ಉತ್ತರ ಡಕೋಟಾದಲ್ಲಿ ಇನ್ನೊಂದು ವಾರಕ್ಕೆ ಬೀಟ್‌ರೂಟ್ ಕೊಯ್ಲು, ಸಕ್ಕರೆ ಮಾಡ್ತಾರಲ್ಲ, ಅದು. ಹೊಲದಿಂದ ರಾಶಿ ಹಾಕೋ ಜಾಗಕ್ಕೆ ಲಾರಿ ಓಡ್ಸೋರು ಸಿಗಲ್ಲ ಅವರಿಗೆ. ನನ್ನ ದಂಡದ ಚೀಟಿ ಹೊಸದಾಗಿದ್ದಾಗ ನಾನೂ ಹೋಗಿದ್ದೆ. ಲೈಸೆನ್ಸ್ ಇದ್ಯಾ, ಕೆಸರಲ್ಲಿ ಓಡ್ಸಿ ಗೊತ್ತಾ, ಇಷ್ಟೇ ಕೇಳಿದ್ದು. ಇಪ್ಪತ್ತು ಮೈಲಿ ಮೇಲೆ ಓಡ್ಸ್ತೀನಿ ಅಂದ್ರೂ ಆ ಮಣ್ಣು ಬಿಡಲ್ಲ."

"ಎಷ್ಟು ದಿನ?"

"ಎರಡು ವಾರ. ಮಳೆ ಬಂದ್ರೆ ಮೂರು."

"ಆಮೇಲೆ?"

"ಆಮೇಲಿಂದು ಆಮೇಲೆ. ನೀನೇನು ಮದುವೆ ಮಾತು ಆಡೋಕೆ ಹೋಗ್ತಿದ್ಯಾ?"

ಹೊಲದ ಯಜಮಾನನ ಹೆಸರು, ಊರು ಎರಡನ್ನೂ ಕಾಗದದ ಕೈವಸ್ತ್ರದ ಮೇಲೆ ಬರೆದುಕೊಟ್ಟ. ಮೋಟೆಲಿನ ಮುಂದಣ ಮೇಜಿನ ಫೋನಿನಿಂದ ಅಕ್ಕನಿಗೆ ಕರೆ ಮಾಡಿ, ಬರುವುದಿಲ್ಲ ಎಂದೆ.

"ಅಯ್ಯೋ ಸದ್ಯ, ಕೆಲಸ ಸಿಕ್ತಾ?" ಎಂದಳು.

"ಸಿಕ್ಕಿಲ್ಲ ನಡೀನ್. ಉತ್ತರದ ಕಡೆ ಹೋಗ್ತಾ ಇದೀನಿ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ದಪ್ಪ ಕಾಲುಚೀಲ ಇಟ್ಕೊಂಡಿದೀಯಾ?" ಎಂದಷ್ಟೇ ಕೇಳಿದಳು.

ಇಟ್ಟುಕೊಂಡಿದ್ದೆ. ನಾಲ್ಕು ಅಂಗಿ, ಎರಡು ಪ್ಯಾಂಟು, ಚರ್ಮದ ಕೈಗವಸು, ರಟ್ಟು ಹರಿದ ಮೂರು ಕಾದಂಬರಿ. ಚೀಲದ ಬಾಯಿ ಬಿಗಿದೆ. ವರ್ನಾನ್ ಆಗಲೇ ಹೊರಗೆ ತನ್ನ ನೀಲಿ ಲಾರಿಯ ಸುತ್ತ ತಿರುಗುತ್ತ ಒಂದೊಂದೇ ಚಕ್ರವನ್ನು ಒದ್ದು ನೋಡುತ್ತಿದ್ದ. ನಾನು ಕೈ ಬೀಸಿದ್ದು ಅವನಿಗೆ ಕಾಣಲಿಲ್ಲ. ಉತ್ತರದ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು, ನಿಲ್ದಾಣ ಒಂದೇ ಮೈಲಿ. ಚೀಲವನ್ನು ಹೆಗಲಿಗೇರಿಸಿ ಹೊರಟೆ.