ಮುಂದಿನ ಎಡ ಚಕ್ರ

ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ ಶವವಾಹನದ ಮುಂದಿನ ಎಡ ಚಕ್ರವನ್ನು ಅವಳು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದಳು. ಚಕ್ರ ಅಲುಗಲಿಲ್ಲ. ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

"ಗೇಟಿನ ಹತ್ರ ಬಂದಾಗ ಹೊಗೆ ಕಾಣಿಸ್ತು ಅಕ್ಕ," ಎಂದ ಚಾಲಕ. "ದಾರಿಯುದ್ದಕ್ಕೂ ಎಡಕ್ಕೇ ಎಳೀತಿತ್ತು."

ಒಳಗೆ ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಬಂದವರು ಮನೆಗೆ ಅಂಟಿಕೊಂಡಿದ್ದ ಗ್ಯಾರೇಜಿನ ಅಂಗಳದಲ್ಲಿ ಗುಂಪುಗುಂಪಾಗಿ ನಿಂತಿದ್ದರು. ಇನ್ನೊಂದು ಶವವಾಹನ ದೂರ ಹೋಗಿದೆ, ಸಂಜೆಗೆ ಮುಂಚೆ ಸಿಗುವುದಿಲ್ಲ ಎಂದು ಚಾಲಕ ಆಗಲೇ ಹೇಳಿದ್ದ. ಬಿಡಿಭಾಗದ ಅಂಗಡಿಯವನು ಮೆಲ್ಲಗೆ, "ಬ್ರೇಕ್ ನೋಡದೆ ಯಾವ ಗಾಡೀನೂ ಹತ್ತಿದ ಮನುಷ್ಯ ಅಲ್ಲ. ಇವತ್ತೂ ಹತ್ತಲಿಲ್ಲ ನೋಡಿ," ಎಂದ. ಕೆಲವರು ನಕ್ಕರು. ನಕ್ಕಿದ್ದಕ್ಕೆ ಮುಜುಗರವಾಗಿ ಮುಖ ಒರೆಸಿಕೊಂಡರು.

ಅತ್ತೆಗೆ ಇದು ಸರಿಬರಲಿಲ್ಲ. ಅಣ್ಣ ಸತ್ತ ದಿನ ಅವನ ಮಗಳು ಕೈಗೆ ಮಸಿ ಮೆತ್ತಿಕೊಂಡು ಕೂರುವುದೇ, ಬೇರೆ ಯಾರನ್ನಾದರೂ ಕರೆಸಿ ಎಂದು ಗೊಣಗಿದಳು. ಅಪ್ಪನ ತಲೆಯ ಬಳಿ ಕೂತಿದ್ದ ಅಮ್ಮ ಕಿಟಕಿಯತ್ತ ತಿರುಗಿ ಒಂದೇ ಮಾತು ಹೇಳಿದಳು: "ಅವಳೇ ಮಾಡಲಿ."

ಅವಳು ಚಕ್ರದ ಹಿಂದೆ ಕೈ ತೂರಿಸಿ, ಬ್ರೇಕ್ ಹಿಡಿಸುವ ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡಲು ಇರುವ ಪುಟ್ಟ ನಿಪ್ಪಲ್ಲಿಗೆ ಸ್ಪ್ಯಾನರ್ ಹಾಕಿ ಸ್ವಲ್ಪ ಸಡಿಲಿಸಿದಳು. ಬ್ರೇಕ್ ಆಯಿಲ್ ಚಿಮ್ಮಿತು. ಅಷ್ಟರಲ್ಲೇ ಚಕ್ರ ಬಿಟ್ಟುಕೊಂಡು ಸಲೀಸಾಗಿ ತಿರುಗಿತು. ಹಾಗಾದರೆ ಕ್ಯಾಲಿಪರಿನ ಪಿಸ್ಟನ್ ಹಿಡಿದುಕೊಂಡಿಲ್ಲ, ಪಿನ್ನುಗಳಿಗೂ ತುಕ್ಕು ಬಂದಿಲ್ಲ. ಆಯಿಲ್ ತರುವ ರಬ್ಬರ್ ಹೋಸು ಒಳಗೊಳಗೇ ಊದಿಕೊಂಡಿದೆ. ಪೆಡಲ್ ಒತ್ತಿದಾಗ ಆಯಿಲನ್ನು ಒಳಕ್ಕೆ ಬಿಡುತ್ತದೆ, ಕಾಲು ತೆಗೆದಾಗ ಹಿಂದಕ್ಕೆ ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಹೋಸಿಗೆ ಏನೂ ಆದಂತಿರಲಿಲ್ಲ.

ಆ ಹಳೆಯ ಮಾದರಿಯ ಹೋಸು ತನ್ನ ಅಂಗಡಿಯಲ್ಲಿಲ್ಲ ಎಂದು ಅಂಗಡಿಯವನು ಕೈ ಚೆಲ್ಲಿದ. ಗೋಡೆಯ ಪಕ್ಕ ಅದೇ ಮಾದರಿಯ ಅಪ್ಪನ ವ್ಯಾನು ನಿಂತಿತ್ತು. ಅವಳು ಸ್ವಲ್ಪ ಹೊತ್ತು ಅದನ್ನು ನೋಡಿದಳು. ಆಮೇಲೆ ಇನ್ನೊಂದು ಜಾಕನ್ನು ಅತ್ತ ಎಳೆದಳು.

*

ಈ ಅಂಗಳದಲ್ಲೇ ಅವಳು ಕೆಲಸ ಕಲಿತದ್ದು. ಒಮ್ಮೆ ಶಾಲೆಯ ವ್ಯಾನಿನ ಚಕ್ರ ಕಾಯುತ್ತದೆಂದು ಹೊಸ ಕ್ಯಾಲಿಪರ್ ಹಾಕಿ ಕಳಿಸಿದ್ದಳು. ವಾರದೊಳಗೆ ಅದೇ ಚಕ್ರ ಮತ್ತೆ ಕಾದು ಗಾಡಿ ವಾಪಸು ಬಂತು. ಅಪ್ಪ ಬೈಯಲಿಲ್ಲ. ಹೋಸನ್ನು ಬಿಚ್ಚಿ, ಉದ್ದಕ್ಕೆ ಸೀಳಿ, ಅವಳ ಅಂಗೈಯಲ್ಲಿಟ್ಟ. ಒಳಗಿನ ದಾರಿ ಸೂಜಿ ತೂರದಷ್ಟು ಕಿರಿದಾಗಿತ್ತು. "ಬಿಸಿ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತೆ," ಎಂದಿದ್ದ. "ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ನೋಡು."

ಅಂದಿನಿಂದ ಅವಳು ಮಾಡಿದ ಪ್ರತಿ ಬ್ರೇಕನ್ನೂ ಅಪ್ಪ ತಾನೊಮ್ಮೆ ನೋಡಿಯೇ ಕಳಿಸುತ್ತಿದ್ದ. ಒಂದು ಸುತ್ತು ಓಡಿಸಿ ತಂದು, ನಾಲ್ಕೂ ಚಕ್ರಗಳಿಗೆ ಹಿಂಗೈ ತಾಗಿಸಿ ಬಿಸಿಯನ್ನು ಹೋಲಿಸುತ್ತಿದ್ದ. ವರ್ಷಗಳು ಕಳೆದು ಅವಳು ತಪ್ಪುವುದು ನಿಂತಿತು. ಅಪ್ಪನ ಹಿಂಗೈ ನಿಲ್ಲಲಿಲ್ಲ. ಒಂದು ದಿನ ಗಿರಾಕಿಯ ಎದುರಿಗೇ ಅವಳು ಹಾಕಿದ ಚಕ್ರವನ್ನು ಮತ್ತೆ ಬಿಚ್ಚಿಸಿದ.

"ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ನಾನ್ಯಾಕೆ ಇಲ್ಲಿರಲಿ?"

"ಬ್ರೇಕಿನ ವಿಷಯದಲ್ಲಿ ನನಗೆ ನನ್ನ ಮೇಲೇ ನಂಬಿಕೆ ಇಲ್ಲ," ಎಂದ ಅಪ್ಪ, ಕೈ ಒರೆಸಿಕೊಳ್ಳುತ್ತಾ.

ಅವಳು ಪೇಟೆಯ ದೊಡ್ಡ ವರ್ಕ್‌ಶಾಪ್ ಸೇರಿದಳು. ಮನೆಗೆ ಬಂದಾಗ ಮಳೆಯ ಮಾತು, ಅಮ್ಮನ ಮಂಡಿನೋವಿನ ಮಾತು ಎಲ್ಲ ಆಗುತ್ತಿತ್ತು. ಬ್ರೇಕಿನ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ವರ್ಕ್‌ಶಾಪಿಗೆ ಅವಳನ್ನೇ ಕೇಳಿಕೊಂಡು ಗಿರಾಕಿಗಳು ಬರತೊಡಗಿದಾಗ, ತನ್ನ ಕೈಗೆ ಹೆಸರು ಬಂತು ಎಂದುಕೊಂಡಳು. ಅಪ್ಪನಿಗೆ ಅದನ್ನು ಹೇಳಬೇಕೆನಿಸಿದರೂ ಬಾಯಿ ಬರಲಿಲ್ಲ. ಕೊನೆಯ ಸಲ ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು ಕೂತಾಗಲೂ ಬರಲಿಲ್ಲ. ಅಪ್ಪ ತನ್ನ ಕೆಲಸವನ್ನು ಎಂದಾದರೂ ನಂಬಿದನೇ ಎಂದು ಇನ್ನು ಯಾರನ್ನು ಕೇಳುವುದು?

*

ಅಪ್ಪನ ವ್ಯಾನಿನ ಹೋಸನ್ನು ಶವವಾಹನಕ್ಕೆ ಕೂರಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕಿತ್ತು. ಅದು ಇಬ್ಬರ ಕೆಲಸ. ಗಾಡಿಗಳ ನೆಗ್ಗು ತೆಗೆಯುತ್ತಾ ಮೊದಲಿನಿಂದಲೂ ಅಪ್ಪನ ಜೊತೆಗಿದ್ದ ಟಿಂಕರ್ ಮಾಮ ಚಾಲಕನ ಸೀಟಿಗೆ ಹತ್ತಿ ಕೂತ. ಅವಳು ಕೆಳಗೆ ಚಕ್ರದ ಬಳಿ ಕೂತಳು. ಒಬ್ಬರಿಗೊಬ್ಬರ ಮುಖ ಕಾಣುತ್ತಿರಲಿಲ್ಲ.

"ಒತ್ತಿ ಮಾಮ. ಹಿಡ್ಕೊಳ್ಳಿ."

ನಿಪ್ಪಲ್ ಸಡಿಲಿಸಿದಳು. ಆಯಿಲಿನ ಜೊತೆ ಗುಳ್ಳೆಗಳು ಬಂದವು. ಬಿಗಿ ಮಾಡಿ, "ಬಿಡಿ," ಎಂದಳು.

"ನಿಮ್ಮಪ್ಪನಿಗೂ ನಾನೇ ಒತ್ತಿಕೊಡ್ತಿದ್ದೆ," ಮೇಲಿನಿಂದ ದನಿ ಬಂತು. "ನೀನು ಪೇಟೆಗೆ ಹೋದ ವರ್ಷಾನೇ ಅವನ ಕೈ ನಡುಗಕ್ಕೆ ಶುರುವಾಯ್ತು. ಬ್ರೇಕ್ ಕೆಲಸ ಬಿಟ್ಟುಬಿಟ್ಟ. ಬಂದೋರನ್ನೆಲ್ಲ ನಿನ್ನ ಹತ್ರ ಕಳಿಸ್ತಿದ್ದ. ನಾನು ಕಳಿಸಿದ್ದು ಅಂತ ಹೇಳ್ಬೇಡಿ ಅಂತ ಆಣೆ ಬೇರೆ ಹಾಕಿಸ್ಕೊಳ್ತಿದ್ದ, ಮುದುಕ."

ಅವಳು ತಲೆ ಎತ್ತಿ ಅಂಗಳವನ್ನು ನೋಡಿದಳು. ಶಾಲೆಯ ವ್ಯಾನಿನವನು, ಬಿಡಿಭಾಗದ ಅಂಗಡಿಯವನು, ಔಷಧಿ ಅಂಗಡಿಯ ಗಂಡಹೆಂಡತಿ. ವರ್ಕ್‌ಶಾಪಿನಲ್ಲಿ ತನ್ನನ್ನೇ ಕೇಳಿಕೊಂಡು ಬಂದವರು ಇವರೇ. ಅವಳ ಕಿವಿ ಬಿಸಿಯಾಯಿತು.

"ಕೆಲಸ ಆದ್ಮೇಲೆ ತಂದು ಅಪ್ಪನಿಗೆ ತೋರಿಸ್ತಿದ್ರಾ?"

"ತೋರಿಸದೆ ಇದ್ರೆ ಬಿಡ್ತಿದ್ನಾ? ಒಂದೊಂದು ಚಕ್ರಾನೂ ಮುಟ್ಟಿ ನೋಡ್ತಿದ್ದ."

ಅವಳು ಕೇಳಬಾರದಿತ್ತು ಎಂದುಕೊಂಡಳು. "ಒತ್ತಿ," ಎಂದಳು. ಮಾಮ ಒತ್ತಿ ಹಿಡಿದ.

"ಆಮೇಲಾಮೇಲೆ ಮುಟ್ಟೋದು ಬಿಟ್ಟ."

"ಎದ್ದು ಬರಕ್ಕೆ ಆಗ್ತಿರಲಿಲ್ಲ ಅನ್ಸುತ್ತೆ."

"ಯಾಕಾಗ್ತಿರಲಿಲ್ಲ? ಗೇಟಿನ ತನಕ ಬರ್ತಿದ್ದ, ಬಾನೆಟ್ ಮೇಲೆ ಮೊಣಕೈ ಊರಿ ಹರಟೆ ಹೊಡೀತಿದ್ದ. ಚಕ್ರ ನೋಡಲ್ವಾ ಅಂತ ಯಾರಾದ್ರೂ ಕೇಳಿದ್ರೆ, ಅವಳು ನೋಡಿದ್ದಾಳಲ್ಲ, ಇನ್ನೇನಿದೆ ನೋಡಕ್ಕೆ ಅಂತಿದ್ದ."

ಮತ್ತೆ ನಿಪ್ಪಲ್ ಸಡಿಲಿಸಿದಾಗ ಗುಳ್ಳೆಗಳು ನಿಂತು ಆಯಿಲ್ ತಿಳಿಯಾಗಿ ಬಂತು. ಅವಳು ನಿಪ್ಪಲ್ ಬಿಗಿ ಮಾಡಿದಳು. ಸ್ಪ್ಯಾನರ್ ಕೈಯಲ್ಲೇ ಉಳಿಯಿತು.

"ಪುಟ್ಟಿ," ಮಾಮ ಕಾದು ಕಾದು ಕೇಳಿದ. "ಬಿಡ್ಲಾ? ಕಾಲು ನೋಯ್ತಿದೆ."

ಅವಳು ಚಕ್ರದ ಅಂಚಿಗೆ ಹಣೆ ಒತ್ತಿ ಕೂತಳು. ಮೇಲೆ ಮಾಮ ಪೆಡಲನ್ನು ಒತ್ತಿ ಹಿಡಿದುಕೊಂಡೇ ಇದ್ದ.

*

ಅಪ್ಪನನ್ನು ತಂದು ವಾಹನದೊಳಗೆ ಮಲಗಿಸಿದರು. ಅಮ್ಮ ಅವನ ಪಕ್ಕ ಕೂತಳು, ಮಗಳು ಮುಂದೆ ಚಾಲಕನ ಪಕ್ಕ. ಹೋಸಿಲ್ಲದ ವ್ಯಾನು ಗೋಡೆಯ ಬಳಿ ಉಳಿಯಿತು. ಅಂಗಳದಲ್ಲಿದ್ದ, ಅವಳೇ ಬ್ರೇಕ್ ಮಾಡಿಕೊಟ್ಟಿದ್ದ ಉಳಿದ ಗಾಡಿಗಳೆಲ್ಲ ಒಂದೊಂದಾಗಿ ಹಿಂದೆ ಹೊರಟವು.

ಸ್ಮಶಾನಕ್ಕೆ ಮುಂಚೆ ಉದ್ದನೆಯ ಇಳಿಜಾರು. ಅದರ ಕೊನೆಯಲ್ಲಿ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ತಿರುಗುತ್ತಿತ್ತು. ಚಾಲಕ ಪೆಡಲ್ ಒತ್ತಿದ. ಶವವಾಹನ ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನೇರವಾಗಿ ನಿಂತಿತು. ಅವಳು ಪಕ್ಕದ ಕನ್ನಡಿಯಲ್ಲಿ ನೋಡಿದಳು. ಶಾಲೆಯ ವ್ಯಾನು, ಅಂಗಡಿಯವನ ಕಾರು, ಅದರ ಹಿಂದಿನದು, ಅದರ ಹಿಂದಿನದು, ಇಳಿಜಾರಿನ ಮೇಲಿನವರೆಗೂ ಎಲ್ಲವೂ ಒಂದರ ಹಿಂದೊಂದು ಮೂತಿ ತಗ್ಗಿಸಿ, ಸದ್ದಿಲ್ಲದೆ ನಿಂತವು.