ಮೊದಲು ಡಾಕ್ಟರು, ಆಮೇಲೆ ಕುಂಕುಮ

ಸಂಕ್ರಾಂತಿ ಬಂದರೆ ಸಾಕು, ಮುಂಬಯಿ ಮಗ್ಗುಲಿನ ಡೊಂಬಿವಲಿಯ ಮನೆಮನೆಯಲ್ಲಿ ಹಳದಿಕುಂಕುಮದ ಗದ್ದಲ. ಮುತ್ತೈದೆಯರನ್ನು ಕರೆದು, ಕುಂಕುಮವಿಟ್ಟು, ಎಳ್ಳುಂಡೆಯ ಜೊತೆ ಒಂದು ಸ್ಟೀಲು ಬಟ್ಟಲು ಕೊಟ್ಟು ಕಳಿಸುತ್ತಾರೆ. ರಮಿತಾಳ ಅತ್ತೆ ನಳಿನಾಕ್ಷಿಯ ಮನೆಯಲ್ಲಿ ಮಾತ್ರ ಕಾನೂನೇ ಬೇರೆ. ಕಲ್ಯಾಣದಿಂದ ಬಂದು ಒಳಕೋಣೆಯಲ್ಲಿ ಕುಳಿತ ಡಾಕ್ಟರ್ ಪ್ರಫುಲ್ಲಾಗೆ ಮೈ ತೋರಿಸಿ ಬಂದವರಿಗಷ್ಟೇ ಕುಂಕುಮ, ಬಟ್ಟಲು.

"ಎಂತ ನಾಚಿಕೆ ಮಾರಾಯ್ತಿ, ಒಳಗಿರುವುದೂ ಹೆಂಗಸೇ!" ಎಂದು ಅತ್ತೆ ಬೆನ್ನಿಗೆ ಕೈಯಿಟ್ಟು ತಳ್ಳಿದರೆ ಎಂಥ ಗಟ್ಟಿಗಿತ್ತಿಯೂ ಒಳಗೆ ಹೋಗಲೇಬೇಕು. ಹುಡುಗಿಯರ ರಕ್ತ, ಬಸುರಿಯರ ಬಿ.ಪಿ., ಮುಟ್ಟು ನಿಂತವರ ಸಕ್ಕರೆ, ದೊಡ್ಡವರ ಎದೆಯಲ್ಲಿ ಗಂಟೇನಾದರೂ ಇದೆಯೋ ಎಂದು ನೋಡುವುದು, ಎಲ್ಲ ಅಲ್ಲೇ ಆಗುತ್ತಿತ್ತು. ರಮಿತಾ ಮದುವೆಯಾಗಿ ಬಂದ ವರ್ಷ ಅತ್ತೆ ಹಾಲ್‌ನಲ್ಲಿದ್ದವರಿಗೆಲ್ಲ ಕೇಳುವಂತೆ, "ಇವಳ ಮೈಯಲ್ಲಿ ರಕ್ತ ಇಲ್ಲ, ಬರೀ ಚಹಾ ಉಂಟು" ಎಂದಿದ್ದರು. ಅಂದು ಅವಳಿಗೆ ಮೈಯೆಲ್ಲ ಉರಿದಿತ್ತು. ಅತ್ತೆ ಎದುರು ನಿಂತು ಮಾತ್ರೆ ನುಂಗಿಸಿದ್ದರಿಂದಲೇ ತನಗೆ ಮಗಳು ಚೈತನ್ಯಾ ಸುಸೂತ್ರವಾಗಿ ಹುಟ್ಟಿದಳೆಂದು ತಿಳಿದ ಮೇಲೆ, ಆ ಹೆಂಗಸಿನ ಬಗ್ಗೆ ಅವಳಿಗೆ ಹೆಮ್ಮೆ ಬಿಟ್ಟು ಬೇರೇನೂ ಉಳಿಯಲಿಲ್ಲ.

ನಡುವೆ ಮಾವ ತೀರಿಕೊಂಡರು. ಒಂದು ಸಂಕ್ರಾಂತಿ ಹಾಗೇ ಹೋಯಿತು. ವರ್ಷಾಂತಿಕ ಮುಗಿದ ಮೇಲೆ, ಹಳದಿಕುಂಕುಮ ನಿಲ್ಲಬಾರದೆಂದು ಹಟ ಹಿಡಿದವರೂ ಅತ್ತೆಯೇ. ಆದರೆ ಆ ದಿನ ಬಾಗಿಲನ್ನು ಸೊಸೆಗೆ ಒಪ್ಪಿಸಿ ತಾವು ಅಡುಗೆಮನೆ ಸೇರಿ ಕಾಳಿನ ಉಸಳಿಗೆ ಒಗ್ಗರಣೆ ಹಾಕುತ್ತ ನಿಂತರು. ಒಳಗಿರಿ ಎಂದು ಯಾರೂ ಹೇಳಲಿಲ್ಲ. ಹೊರಗೆ ಬನ್ನಿ ಎಂದೂ ಯಾರೂ ಕರೆಯಲಿಲ್ಲ.

ರಮಿತಾಳಿಗೆ ತಡೆಯಲಾಗಲಿಲ್ಲ. "ಅತ್ತೆ, ಡಾಕ್ಟ್ರು ಈಗ ಹೊರಡ್ತಾರೆ. ನೀವು ತೋರಿಸಲೇ ಇಲ್ಲ."

"ನನಗೆಂತಕ್ಕೆ? ಅದು ಕುಂಕುಮದವರಿಗೆ. ಇನ್ನೊಮ್ಮೆ ನೋಡುವ."

ಅಡುಗೆಮನೆ ಮೂಲೆಯ ಮೋರಿಯ ಬಳಿ ಪಾತ್ರೆ ತಿಕ್ಕುತ್ತಿದ್ದವಳು ಮನೆಗೆಲಸದ, ಕಲಬುರಗಿ ಕಡೆಯ ಚಂದ್ರಬಾಯಿ, ಗಂಡನನ್ನು ಎಂದೋ ಕಳೆದುಕೊಂಡವಳು. ರಮಿತಾ ಅವಳತ್ತ ತಿರುಗಿ, "ನೀವು ಯಾವತ್ತಾದ್ರೂ ತೋರಿಸಿದ್ದೀರಾ?" ಎಂದು ಕೇಳಿದಳು.

"ನಾ ಹ್ಯಾಂಗ ಬರ್ಲಿರಿ? ಮುತ್ತೈದೇರ ಕಾರ್ಯದಾಗ ಗಂಡ ಸತ್ತಾಕಿ ಕಾಲಿಟ್ರ ಮಂದಿ ಏನಂದಾರು?"

ಅತ್ತೆಯ ಕೈಯ ಸೌಟು ನಿಂತಿತು. ದೀಪದ ಬುಡದಲ್ಲೇ ಕತ್ತಲೆ! ಊರ ಹೆಂಗಸರನ್ನೆಲ್ಲ ಒಳಗೆ ತಳ್ಳಿದವರು ತಮ್ಮ ಮೋರಿಯ ಬಳಿ ಕುಳಿತವಳನ್ನು ಒಂದು ವರ್ಷವೂ ಕರೆದಿರಲಿಲ್ಲ.

"ಗಂಡ ಸತ್ತರೆ ನಮ್ಮ ಮೈಯೂ ಸತ್ತಿತಾ ಚಂದ್ರಾ? ನನ್ನದು ದೊಡ್ಡ ತಪ್ಪಾಯ್ತು. ಏಳು."

ಅವಳ ಒದ್ದೆ ಕೈ ಹಿಡಿದು ಅತ್ತೆ ಹಾಲ್‌ಗೆ ಬಂದರು. ಹರಟುತ್ತಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದ ಮನೆಯ ಲೋಲಾಕ್ಷಿ ಮಾತ್ರ, "ನಳಿನಕ್ಕ, ಇವತ್ತೇ ಯಾಕೆ..." ಎಂದು ರಾಗ ಎಳೆದಳು.

"ಎದೆಯ ಗಂಟು ಕರಿಮಣಿ ನೋಡಿ ಬರುವುದಿಲ್ಲ ಲೋಲಾಕ್ಷಿ," ಎಂದು ಅತ್ತೆ ಚಂದ್ರಬಾಯಿಯೊಡನೆ ಡಾಕ್ಟರಿದ್ದ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು.

ಚಂದ್ರಬಾಯಿಗೆ ಬಿ.ಪಿ. ಏರಿತ್ತು, ಅಷ್ಟೇ. ಅತ್ತೆಯ ಎಡ ಎದೆಯಲ್ಲಿ ಡಾಕ್ಟರ ಬೆರಳು ನಿಂತಿತು. ಕಡಲೆಕಾಳಿನಷ್ಟು ಗಂಟು. ಠಾಣೆಯಲ್ಲಿ ಪರೀಕ್ಷೆ, ಆಪರೇಷನ್, ಕೂದಲು ಉದುರಿಸುವ ಔಷಧಿ, ಎಲ್ಲ ಆಯಿತು. "ಬೇಗ ಸಿಕ್ಕಿತು, ಬದುಕಿದರು" ಎಂದರು ಡಾಕ್ಟರು. ರಮಿತಾ ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಮನಸಾರೆ ಅತ್ತಳು.

ಮರುವರ್ಷ ಬಾಗಿಲಲ್ಲಿ ಮತ್ತೆ ಅತ್ತೆಯೇ, ತಲೆಯ ಮೇಲೆ ಮೋಟು ಕೂದಲು, ಪಕ್ಕದಲ್ಲಿ ಚಂದ್ರಬಾಯಿ. ಕುಂಕುಮದ ತಟ್ಟೆ ಮೂಲೆಯ ಮೇಜಿನ ಮೇಲಿತ್ತು, ಬೇಕಾದವರು ಹಚ್ಚಿಕೊಳ್ಳಬಹುದು. ಬಟ್ಟಲು ಮಾತ್ರ ಎಲ್ಲರಿಗೂ. ಬದಲಾಪುರದಿಂದ ಲೋಕಲ್ ರೈಲು ಹಿಡಿದು ಬಂದಿದ್ದ ಬೋಳು ಹಣೆಯ ಅಜ್ಜಿಯೊಬ್ಬರು ಹೊಸಿಲಲ್ಲೇ ಅಳುಕಿ ನಿಂತರು. ಚಂದ್ರಬಾಯಿ ಅವರ ಬೆನ್ನಿಗೆ ಕೈಯಿಟ್ಟು, "ನಡೀರಿ ಯವ್ವಾ, ನಾಚಿಕಿ ಎದಕ್ಕ?" ಎಂದಳು.

ಅದನ್ನು ನೋಡುತ್ತ ಕಣ್ಣು ತುಂಬಿ ನಿಂತಿದ್ದ ರಮಿತಾಳ ಬೆನ್ನಿಗೂ ಒಂದು ಕೈ ಬಿತ್ತು.

"ಅಳುವುದು ಆಮೇಲೆ ಮಾರಾಯ್ತಿ. ಮೂವತ್ತು ದಾಟಿತಲ್ಲ, ಮೊದಲು ಒಳಗೆ ನಡಿ."