ಐದು ಮಂತ್ರಗಳ ದೂರ

ಒಡಿಲಾ ಇಳಿಜಾರಿನ ಹಿಮದೊಳಗೆ ಕೋಲು ಇಳಿಸಿ ನೋಡಿದಳು. ಎಲ್ಲೂ ಸಡಿಲಾಗದೆ ಸಮನಾಗಿ ಇಳಿಯಿತು. ದಾಟಬಹುದು. ಆದರೆ ಮೇಲಿನ ಅಂಚಿನಲ್ಲಿ ಗಾಳಿ ಪೇರಿಸಿದ ಹಿಮ ಇನ್ನೂ ಬಾಗಿ ನಿಂತಿತ್ತು. ಬಿಸಿಲು ತಾಗಿ ಅದು ಕುಸಿಯುವ ಮೊದಲು ಎಲ್ಲರೂ ಆಚೆ ಸೇರಬೇಕು.

ಅಪ್ಪ ಥಿಯೋಡುಲ್ ತೀರಿಕೊಂಡು ಐದು ದಿನ. ನಲವತ್ತು ಚಳಿಗಾಲ ಈ ಕೋಲು ಹಿಡಿದು ಊರವರನ್ನು ದಾಟಿಸಿದವನು. ಹಿಮಗಾಳಿ ಬೀಸಿದ ಮೂರು ದಿನ, ಬಿದ್ದ ಹಿಮ ಕೂರಲೆಂದು ಇನ್ನೆರಡು ದಿನ ಅವನ ಶವಪೆಟ್ಟಿಗೆ ಕಣಜದಲ್ಲಿ ಕಾದಿತ್ತು. ಇಗರ್ಜಿಯೂ ಅಮ್ಮನ ಸಮಾಧಿಯೂ ಈ ಇಳಿಜಾರಿನ ಆಚೆ.

"ನಾಲ್ಕು ಜನ ಹೆಗಲು ಕೊಡ್ತೀವಿ," ಎಂದ ಚಿಕ್ಕಪ್ಪ ಮೋರಿಟ್ಜ್.

"ಬೇಡ ಚಿಕ್ಕಪ್ಪ. ನಾಲ್ಕು ಜನ ಒಟ್ಟಿಗೆ ಇಲ್ಲಿ ಕಾಲಿಡಬಾರದು. ಹುಲ್ಲು ಸಾಗಿಸೋ ಜಾರುಬಂಡಿ ಮೇಲೆ ನಾನೊಬ್ಬಳೇ ಎಳೀತೀನಿ."

"ನಮ್ಮಣ್ಣ ಏನು ಹುಲ್ಲಿನ ಹೊರೆನಾ? ಊರೋರು ಏನಂತಾರೆ?"

"ಊರೋರು ಮೊದಲು ಉಳೀಲಿ. ಆಮೇಲೆ ಏನಾದ್ರೂ ಅನ್ಲಿ."

ನೆರೆಮನೆಯ ಮುದುಕಿ ಸೆರಾಫಿನಾ ಮೂಗೊರೆಸಿಕೊಂಡಳು. "ಸುಮ್ನಿರು ಮೋರಿಟ್ಜ್. ಅವನಿದ್ದಿದ್ರೆ ನಿನ್ನ ಹೊಟ್ಟೆ ನೋಡಿ ಇವತ್ತು ದಾಟೋಕೆ ಬಿಡ್ತಾನೇ ಇರಲಿಲ್ಲ."

*

ಒಡಿಲಾಳಿಗೆ ಆಗ ಒಂಬತ್ತು ವರ್ಷ. ಭಾನುವಾರದ ಪೂಜೆಗೆ ಹೊರಟವರನ್ನು ಅಪ್ಪ ಇಲ್ಲೇ ತಡೆದು ಒಬ್ಬೊಬ್ಬರನ್ನೇ ಬಿಡುತ್ತಿದ್ದ. ಹೋದವರಿಗಾಗಿ ಈಚೆಯವರು ಐದು ಸಲ 'ನಮೋ ಮರಿಯಾ' ಮಂತ್ರ ಹೇಳಬೇಕು; ಅಷ್ಟರಲ್ಲಿ ಅವರು ಆಚೆಯ ಬಂಡೆ ಮುಟ್ಟಿರುತ್ತಾರೆ. ಆಮೇಲೆ ಮುಂದಿನವರು.

ಒಮ್ಮೆ ಅವಳು ಮೂರಕ್ಕೇ ಮುಗಿಸಿ ಅಮ್ಮನ ಹಿಂದೆ ಓಡಿದಳು. ಅಪ್ಪ ಕೊರಳಪಟ್ಟಿ ಹಿಡಿದು ಎಳೆದುಕೊಂಡ.

"ಎರಡು ನುಂಗಿದೆ ಅಲ್ವಾ? ನಿಧಾನವಾಗಿ ಹೇಳು ಮಗಳೇ. ದಾಟ್ತಿರೋಳು ನಿಮ್ಮಮ್ಮ."

ಹೇಳಿ ಮುಗಿಸಿ ಅವಳು ಕೇಳಿದಳು: "ಅಪ್ಪಾ, ಕೊನೆಗೆ ಬರೋನು ನೀನು. ನಿಂಗೆ ಯಾರು ಹೇಳ್ತಾರೆ?"

"ನೀನು ಆಚೆಯಿಂದ ಹೇಳು. ನಂಗೆ ಕೇಳಿಸುತ್ತೆ."

*

ಇವತ್ತೂ ಒಬ್ಬೊಬ್ಬರಾಗಿಯೇ ಎಲ್ಲರೂ ದಾಟಿದರು. ಒಡಿಲಾ ಹಗ್ಗವನ್ನು ಹೆಗಲಿಗೆ ಹಾಕಿ ಎಳೆದಳು. ಜಾರುಬಂಡಿ ಕಿರುಗುಟ್ಟಿತು. ನಡುದಾರಿಯಲ್ಲಿ ಮೇಲಿನ ಅಂಚಿನಿಂದ ಒಂದು ಹಿಡಿ ಹಿಮಪುಡಿ ಉದುರಿ ಪೆಟ್ಟಿಗೆಯ ಮೇಲೆ ಕೂತಿತು. ಅವಳು ತಲೆಯೆತ್ತಲಿಲ್ಲ. ಆಚೆಯಿಂದ 'ನಮೋ ಮರಿಯಾ' ಹೇಳುವ ಚಿಕ್ಕಪ್ಪನ ದಪ್ಪ ದನಿ ಕೇಳುತ್ತಿತ್ತು. ಅವಳು ಅದನ್ನೇ ಎಣಿಸುತ್ತ ನಡೆದಳು. ಬಂಡೆ ಮುಟ್ಟಿದರೂ ದನಿ ನಿಲ್ಲಲಿಲ್ಲ.

"ಐದಾಯ್ತು ಚಿಕ್ಕಪ್ಪ. ಬಂದೆ ನಾನು."

"ನಿಂದಾಯ್ತು. ಅವನದು ಇನ್ನೂ ಇದೆ."

ಚಿಕ್ಕಪ್ಪ ಟೋಪಿ ತೆಗೆದು ಪೆಟ್ಟಿಗೆಗೆ ಹೆಗಲು ಕೊಟ್ಟ. ಇನ್ನೂ ಮೂವರು ಕೊಟ್ಟರು. ಒಂದು ಪದವನ್ನೂ ನುಂಗದೆ ಅವನು ಮೊದಲಿನಿಂದ ಹೇಳತೊಡಗಿದ. ಐದನೆಯದಕ್ಕೆ ಇಗರ್ಜಿಯ ಬಾಗಿಲು ಬಂತು. ಅಲ್ಲಿ ನಿಂತು ಚಿಕ್ಕಪ್ಪ ಪ್ರಾರ್ಥಿಸಿದ:

"ಪ್ರಭುವೇ, ಎಲ್ಲರನ್ನೂ ದಾಟಿಸಿ ಕೊನೆಗೆ ಬಂದವನು ಇವನು. ಇವನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು."